ಗಾಜಿಲ್ಲದ ಚೌಕಟ್ಟು

ಮಾರ್ಚ್ ೪, ಮಂಗಳವಾರ

ಪ್ರೀತಿಯ ಹಿಂದಿನವನಿಗೆ,

ಇಲ್ಲಿ ಎಲ್ಲರೂ ಚೆನ್ನಾಗಿದ್ದಾರೆ, ನನ್ನ ಎಡಗಾಲೊಂದನ್ನು ಬಿಟ್ಟು. ಅದೂ ಚೆನ್ನಾಗಿಯೇ ಇದೆ, ನನ್ನ ಮಾತು ಕೇಳುವುದಿಲ್ಲ ಅಷ್ಟೆ. ಅಲ್ಲಿ ನೀನು, ನನಗೆ ತಂಗಿಯಂಥ ನಿನ್ನ ಹೆಂಡತಿ, ಮಕ್ಕಳು ಆರೋಗ್ಯವಾಗಿದ್ದೀರಿ ಅಂದುಕೊಂಡೇ ಶುರುಮಾಡುತ್ತಿದ್ದೇನೆ. ನಾನು ಆಸ್ಪತ್ರೆ ಸೇರಿದ ಸುದ್ದಿ ಕೇಳಿ ನೀನು ಬರೆದ ಕಾಗದಕ್ಕೆ ಎಂಟು ತಿಂಗಳಾದ ಮೇಲೆ ಉತ್ತರ ಬರೆಯುತ್ತಿದ್ದೇನೆ, ಬೈಯಬೇಡ. ಕೈ ಬರುತ್ತಿರಲಿಲ್ಲ ಅಂತ ನೆಪ ಹೇಳಬಹುದಿತ್ತು. ಆದರೆ ಸೋತದ್ದು ಎಡಗೈ, ನಾನು ಬರೆಯುವುದು ಬಲಗೈಯಲ್ಲಿ, ನೀನೇನು ಅಷ್ಟು ದಡ್ಡನಲ್ಲ. ಸೋಮಾರಿತನ ಅಂದುಕೊಂಡುಬಿಡು.

ಎಷ್ಟು ದಿನವಾಯಿತು ನಿನ್ನನ್ನು ಹೀಗೆ ಕರೆದು! ಗಾಜಿನ ಅಂಗಡಿಯಲ್ಲಿ ನಮ್ಮಿಬ್ಬರಿಗೆ ಬೇರೆ ಹೆಸರೇ ಇರಲಿಲ್ಲ. "ಮುಂದಿನವನನ್ನ ಕರೀರಿ, ಹಿಂದಿನವನನ್ನ ಕರೀರಿ, ದೊಡ್ಡ ಶೀಟು ಇಳಿಸ್ಬೇಕು" ಅಂತ ಯಜಮಾನರು ಕೂಗಿದರೆ ನಾವು ಟೀ ಲೋಟ ಕೆಳಗಿಡುತ್ತಿದ್ದೆವು. ಇಪ್ಪತ್ತಾರು ವರ್ಷ ಒಂದೇ ಗಾಜಿನ ಎರಡು ತುದಿ ಹಿಡಿದು ನಡೆದವರು ನಾವು. ನಾನು ಮುಂದೆ ದಾರಿ ನೋಡಬೇಕು, ನೀನು ಹಿಂದೆ ನನ್ನ ಕುತ್ತಿಗೆ ನೋಡಬೇಕು. ತಂಗಿ ಒಮ್ಮೆ ಹೇಳಿದ್ದಳಲ್ಲ, "ಅಣ್ಣನ ಮೂಗು ಹೇಗಿದೆ ಅಂದ್ರೆ ಇವರಿಗೆ ಗೊತ್ತಿಲ್ಲ, ಕುತ್ತಿಗೆ ಮೇಲೆ ಮಚ್ಚೆ ಎಷ್ಟು ಅಂದ್ರೆ ತಟ್ಟಂತ ಹೇಳ್ತಾರೆ" ಅಂತ. ಆ ಮಚ್ಚೆಗಳೆಲ್ಲ ಇದ್ದಲ್ಲೇ ಇವೆ.

ನನಗೆ ಲಕ್ವ ಹೊಡೆದ ಬೆಳಿಗ್ಗೆ ನಾನು ಮಾಡಿದ್ದನ್ನು ಕೇಳಿದರೆ ನಗುತ್ತೀಯ. ಗಡ್ಡ ಹೆರೆಯಲು ಕನ್ನಡಿ ಮುಂದೆ ನಿಂತೆ. ಬಾಯಿಯ ಎಡತುದಿ ಕೆಳಗೆ ಜಾರಿತ್ತು, ಕಣ್ಣಿನ ಕೆಳಗೆ ಚರ್ಮ ಇಳಿದಿತ್ತು. ನಾನು ಏನು ಮಾಡಿದೆ ಗೊತ್ತೇ? ಕನ್ನಡಿ ಒರೆಸಿದೆ. ಮತ್ತೆ ನೋಡಿದೆ. ಆಮೇಲೆ ಕನ್ನಡಿಯ ಅಂಚಿಗೆ ಬೆರಳಿಟ್ಟು, ಶೀಟಿನಲ್ಲಿ ಅಲೆ ಇದೆ, ಕಳಪೆ ಮಾಲು, ಯಾರಪ್ಪ ಇದನ್ನು ನಮ್ಮ ಮನೆಗೆ ತಂದದ್ದು ಅಂತ ಬೈಯುತ್ತಾ ನಿಂತೆ. ತಂದವನು ನಾನೇ. ಜೀವಮಾನವೆಲ್ಲ ಗಾಜು ಹೊತ್ತವನಿಗೆ ಮೊದಲು ಅನುಮಾನ ಬರುವುದು ಗಾಜಿನ ಮೇಲೆ, ತನ್ನ ಮೇಲಲ್ಲ. ನಿನ್ನ ಅತ್ತಿಗೆ ಬಾಗಿಲಲ್ಲಿ ನಿಂತು "ರೀ, ಯಾಕೆ ಹಾಗೆ ಮಾತಾಡ್ತಿದ್ದೀರಿ, ಒಂದಕ್ಷರ ತಿಳೀತಿಲ್ಲ" ಅಂದಾಗಲೇ ನನ್ನ ಬೈಗುಳ ಬೈಗುಳದ ಹಾಗೆ ಹೊರಬರುತ್ತಿಲ್ಲ ಅಂತ ಗೊತ್ತಾದದ್ದು. ಅವಳು ಗಾಬರಿಯಾಗದೆ ಪಕ್ಕದ ಮನೆಯವರ ಕಾರು ನಿಲ್ಲಿಸಿ ಆಸ್ಪತ್ರೆಗೆ ಸಾಗಿಸಿದಳು. ಅದರಿಂದ ಬದುಕಿದೆ.

ಮಾತು ಮೂರು ವಾರದಲ್ಲಿ ಬಂತು. ಕೈ ನಾಲ್ಕು ತಿಂಗಳಲ್ಲಿ ಬಂತು, ಲೋಟ ಹಿಡಿಯುತ್ತದೆ, ಅಳತೆಪಟ್ಟಿ ಒತ್ತಿ ಹಿಡಿಯುತ್ತದೆ, ಅಂಗಿಯ ಗುಂಡಿಗೆ ಮಾತ್ರ ಹಟ. ಉಳಿದದ್ದು ಕಾಲು. ಹಿಂದೆಲ್ಲ ಯಾರಾದರೂ ಕಾಲಿಗೆ ಬುದ್ಧಿ ಹೇಳಿದ ಅಂದರೆ ಓಡಿಹೋದ ಅಂತ ಅರ್ಥ. ಈಗ ನಾನು ದಿನಾ ಬೆಳಿಗ್ಗೆ ಎರಡು ಗಂಟೆ ಕಾಲಿಗೆ ಬುದ್ಧಿ ಹೇಳುತ್ತೇನೆ, ಹೋಗುವುದು ಆಸ್ಪತ್ರೆಯ ಓಣಿಯ ಆ ತುದಿವರೆಗೆ. ನೆಲಕ್ಕೆ ನಲವತ್ತೆರಡು ಟೈಲ್ಸ್. ಎಡಗಾಲು ಎತ್ತಿದರೆ ಮುಂದಕ್ಕೆ ನೇರ ಬರುವುದಿಲ್ಲ, ಹೊರಗಿನಿಂದ ಅರ್ಧಚಂದ್ರ ಸುತ್ತಿ ಬರುತ್ತದೆ, ಪಾದದ ತುದಿ ನೆಲ ಕೆರೆಯುತ್ತದೆ.

ನಮ್ಮನ್ನು ನಡೆಸುವ ಫಿಸಿಯೋ ಒಬ್ಬಳಿದ್ದಾಳೆ, ಮೂವತ್ತರ ಒಳಗಿನ ಹುಡುಗಿ, ಬಾಯಿ ಜೋರು. ನಾನವಳಿಗೆ ನಡಿಗೆ ಟೀಚರಮ್ಮ ಅಂತ ಹೆಸರಿಟ್ಟಿದ್ದೇನೆ. ಮೊದಲ ವಾರವೇ ನನ್ನ ಅಂಗಾಲಿಗೆ ಸೀಮೆಸುಣ್ಣದ ಪುಡಿ ಬಳಿದು ಕಪ್ಪು ಕಾಗದದ ಮೇಲೆ ನಡೆಸಿದಳು. ಆಮೇಲೆ ಮಂಡಿಯೂರಿ ಟೇಪು ಹಿಡಿದು ಅಳೆದಳು. ಎಡಗಾಲಿನ ಹೆಜ್ಜೆ ನಲವತ್ತೆಂಟು ಸೆಂಟಿಮೀಟರ್, ಬಲಗಾಲಿನದು ಇಪ್ಪತ್ತೊಂಬತ್ತು. ನನಗೆ ಮೈ ಉರಿಯಿತು. ಎರಡು ಮಿಲಿಮೀಟರ್ ವ್ಯತ್ಯಾಸ ಬಂದರೆ ಶೀಟು ವಾಪಸ್ಸು ಕಳಿಸಿದವರಪ್ಪ ನಾವು! ಹತ್ತೊಂಬತ್ತು ಸೆಂಟಿಮೀಟರ್ ಅಂದರೆ ಅದನ್ನು ನಡಿಗೆ ಅನ್ನುತ್ತಾರಾ?

ನಾನು ಅಂದುಕೊಂಡದ್ದು, ಸೋತ ಕಾಲು ಗಿಡ್ಡ ಹೆಜ್ಜೆ ಹಾಕುತ್ತದೆ ಅಂತ. ಉಲ್ಟಾ ಇದೆಯಲ್ಲ ಅಂದೆ. ಅವಳು ಹೇಳಿದಳು: "ನಿಮ್ಮ ಎಡಗಾಲು ಹೇಗೋ ಮುಂದೆ ಬಂದು ನಿಲ್ಲುತ್ತೆ. ಆದ್ರೆ ಅದರ ಮೇಲೆ ಭಾರ ಬಿಡೋಕೆ ನಿಮಗೆ ಧೈರ್ಯ ಇಲ್ಲ. ಅದಕ್ಕೇ ಬಲಗಾಲು ಅವಸರದಲ್ಲಿ ಪಟ್ಟಂತ ಊರಿಬಿಡುತ್ತೆ. ನಿಮ್ಮ ತೊಂದರೆ ಈಗ ಅರ್ಧ ಕಾಲಿಂದು, ಅರ್ಧ ನಂಬಿಕೆದು." ನಂಬಿಕೆಯ ವಿಷಯ ನನಗೆ ಹೇಳಿಕೊಡಲು ಬಂದಳು ನೋಡು, ಇಪ್ಪತ್ತಾರು ವರ್ಷ ಹಿಂದೆ ತಿರುಗಿ ನೋಡದೆ ನಡೆದವನಿಗೆ.

ಮೊದಲು ಒಂದು ಟಿಕ್ ಟಿಕ್ ಅನ್ನುವ ಪೆಟ್ಟಿಗೆ ಇಟ್ಟಳು. ಅದರ ತಾಳಕ್ಕೆ ಹೆಜ್ಜೆ ಇಡಬೇಕು. ನನ್ನ ಬಲಗಾಲು ಟಿಕ್‌ಗೆ ಮೊದಲೇ ಹೋಗಿ ಕೂತಿರುತ್ತಿತ್ತು. ಪೆಟ್ಟಿಗೆ ನಿಧಾನ ಇದೆ, ರಿಪೇರಿ ಮಾಡಿಸಿ ಅಂದೆ. ನನ್ನ ಜೊತೆ ನಡೆಯಲು ಬರುವ ಬಸ್ ಡ್ರೈವರೊಬ್ಬ ಇದ್ದಾನೆ, ಅವನದು ಬಲಗಾಲು. "ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ" ಅಂತ ಓಣಿಯೆಲ್ಲ ಕೇಳುವ ಹಾಗೆ ಅಂದ. ಅವನು ತಿರುಗುವಾಗ ಮೂರು ಸಲ ಹಾರ್ನ್ ಹೊಡೆಯಬೇಕು ಅನ್ನುವಷ್ಟು ಜಾಗ ತೆಗೆದುಕೊಳ್ಳುತ್ತಾನೆ, ಅದನ್ನು ನಾನು ಹೇಳಿದೆನಾ?

ಈಗ ಮುಖ್ಯ ಸಂಗತಿ. ಹೋದ ತಿಂಗಳು ಆಸ್ಪತ್ರೆಯಲ್ಲಿ ಹಳೆಯ ಕಿಟಕಿ ಕಿತ್ತು ಹೊಸದು ಹಾಕುತ್ತಿದ್ದರು. ಗಾಜು ತೆಗೆದ ಒಂದು ಮರದ ಚೌಕಟ್ಟನ್ನು ಓಣಿಯ ಗೋಡೆಗೆ ಒರಗಿಸಿದ್ದರು, ಆಳೆತ್ತರದ್ದು. ಕೈ ಸುಮ್ಮನಿರಬೇಕಲ್ಲ! ಬಲಗೈಯಲ್ಲಿ ಮುಂದಿನ ಅಂಚು ಹಿಡಿದು ಎತ್ತಿ, ಟೀಚರಮ್ಮನಿಗೆ "ಆ ತುದಿ ಹಿಡೀರಿ, ನಾನು ಎಡಗಾಲು ಇಟ್ಟಾಗ ನೀವು ಬಲಗಾಲು ಇಡಿ" ಅಂದೆ. ನಮ್ಮ ಎದುರು ಹೆಜ್ಜೆ. ಇಬ್ಬರೂ ಒಂದೇ ಕಾಲು ಇಟ್ಟರೆ ಗಾಜು ತೂಗಾಡುತ್ತದೆ, ಎದುರು ಹೆಜ್ಜೆ ಹಾಕಿದರೆ ನಿಂತ ನೀರಿನ ಹಾಗೆ ಇರುತ್ತದೆ ಅಂತ ನಿನಗೆ ಮೊದಲ ದಿನ ನಾನೇ ಹೇಳಿಕೊಟ್ಟದ್ದಲ್ಲವೇ. ನಡೆದೆವು. ಚೌಕಟ್ಟು ಜಗ್ಗಿದಾಗ ಅಂಗೈಗೆ ಗೊತ್ತಾಗುತ್ತದೆ, ಅಂಗೈಗೆ ಗೊತ್ತಾದರೆ ಕಾಲು ತಾನೇ ತಿದ್ದಿಕೊಳ್ಳುತ್ತದೆ. ಹನ್ನೆರಡು ಟೈಲ್ಸ್ ಆಗುವಷ್ಟರಲ್ಲಿ ಓಣಿಯವರೆಲ್ಲ ನೋಡಲು ಬಂದರು. ಸೀಮೆಸುಣ್ಣ ಬಳಿದು ಮತ್ತೆ ನಡೆಸಿ ಅಳೆದಳು: ಎಡ ನಲವತ್ತೊಂದು, ಬಲ ಮೂವತ್ತೆಂಟು. ಟೀಚರಮ್ಮ ಟೇಪು ಕೈಯಲ್ಲಿ ಹಿಡಿದೇ ಕೂತಳು. "ಯಾರ್ರೀ ಕಲಿಸಿದ್ದು ಇದನ್ನ?" ಅಂದಳು. ಗಾಜು ಕಲಿಸಿತು ಅಂದೆ.

ಆದರೆ ಚೌಕಟ್ಟು ಕೆಳಗಿಟ್ಟರೆ ಕಾಲು ಮತ್ತೆ ಹಳೇ ರಾಗ. ದಿನಾ ಹೊತ್ತು ನಡೆದರೆ ಕೆಲವು ವಾರಗಳಲ್ಲಿ ಕಾಲಿಗೆ ರೂಢಿಯಾಗುತ್ತದೆ ಅನ್ನುತ್ತಾಳೆ. ಹಿಂದೆ ಹಿಡಿಯುವವರು ಸರಿಯಿರಬೇಕು. ಅವಳಿಗೆ ಬೇರೆ ರೋಗಿಗಳಿದ್ದಾರೆ. ಡ್ರೈವರು ಹಿಡಿದರೆ ಇಬ್ಬರೂ ಚರಂಡಿಗೆ.

ಇನ್ನೊಂದು ಸುದ್ದಿ. ನಮ್ಮ ಕಟಿಂಗ್ ಟೇಬಲ್‌ನಲ್ಲಿ ಗಾಜು ಕೊಯ್ಯುವ ಹಿರಿಯರು ಕೆಲಸ ಬಿಡುತ್ತಿದ್ದಾರೆ. ಯಜಮಾನರು ಮನೆಗೆ ಬಂದು ಹೇಳಿದರು: "ಟೇಬಲ್ ನಿನಗೇ. ಒಂದೇ ಷರತ್ತು. ಬೀದಿ ಬಾಗಿಲಿಂದ ಟೇಬಲ್‌ತನಕ ಕೋಲಿಲ್ಲದೆ ನಡೆದು ಬಾ. ಸುತ್ತ ಗಾಜು ನಿಂತಿರುತ್ತೆ, ಎಡವೋನನ್ನ ಒಳಗೆ ಬಿಟ್ಟುಕೊಳ್ಳಕ್ಕಾಗಲ್ಲ." ಏಪ್ರಿಲ್ ಮೊದಲ ವಾರದವರೆಗೆ ಕಾಯುತ್ತಾರಂತೆ. ಮನೆಯಲ್ಲಿ ಕೂತು ಹಿತ್ತಲು ನೋಡುವವನಲ್ಲ ನಾನು. ಆ ಟೇಬಲ್ ನನಗೆ ಬೇಕು.

ಅದಕ್ಕೇ ಕೇಳುತ್ತಿದ್ದೇನೆ. ನಿನ್ನ ಪೇಂಟ್ ಅಂಗಡಿಯವರಲ್ಲಿ ಎರಡು ವಾರ ರಜೆ ಕೇಳಿಕೊಂಡು ಬಾ. ಬಾಗಿಲ ಹತ್ತಿರ ಗಾಜು ಜಾರಿದ ಆ ದಿನದಿಂದ ನಾವಿಬ್ಬರೂ ಒಟ್ಟಿಗೆ ಏನನ್ನೂ ಎತ್ತಿಲ್ಲ. ನೀನು ಹಿಂದಿದ್ದರೆ ನಾನು ನಲವತ್ತೆರಡು ಟೈಲ್ಸ್ ಅಲ್ಲ, ಊರು ದಾಟುತ್ತೇನೆ.

ತಂಗಿಗೆ, ಮಕ್ಕಳಿಗೆ ನನ್ನ ಆಶೀರ್ವಾದ. ಅತ್ತಿಗೆ ಕೇಳಿದ್ದಾಳೆ ಅಂತ ಹೇಳು.

ನಿನ್ನ,
ಮುಂದಿನವ

ಮರೆತಿದ್ದೆ: ಕೈ ಹೇಗಿದೆ? ಉಂಗುರದ ಬೆರಳು, ಕಿರುಬೆರಳು ಸ್ವಲ್ಪವಾದರೂ ಮಡಚುತ್ತವೆಯೇ? ಇದನ್ನು ಮೇಲೆಯೇ ಕೇಳಬೇಕಿತ್ತು.

*

ಮಾರ್ಚ್ ೧೯, ಬುಧವಾರ

ಪ್ರೀತಿಯ ಹಿಂದಿನವನಿಗೆ,

ನಿನ್ನ ಕಾಗದ ಶನಿವಾರ ಸಿಕ್ಕಿತು. ಉತ್ತರ ಅವತ್ತೇ ಬರೆಯಬೇಕಿತ್ತು, ನಾಲ್ಕು ದಿನ ಅದನ್ನು ಅಂಗಿ ಜೇಬಿನಲ್ಲಿ ಇಟ್ಟುಕೊಂಡು ಓಡಾಡಿದೆ. ಅಕ್ಷರ ಮೊದಲಿನ ಹಾಗೆಯೇ ದುಂಡಗಿವೆ, ಮೂರು ಬೆರಳಲ್ಲಿ ಬರೆದದ್ದು ಅಂತ ಯಾರೂ ಹೇಳಲಾರರು. ದೊಡ್ಡ ಮಗಳಿಗೆ ಕೆಲಸ ಸಿಕ್ಕಿದ್ದು ತುಂಬಾ ಸಂತೋಷ. ಅವಳು ಪುಟ್ಟವಳಿದ್ದಾಗ ಅಂಗಡಿಗೆ ಬಂದು ಬಣ್ಣದ ಗಾಜಿನ ತುಂಡು ಕೊಡಿ ಅಂತ ಪೀಡಿಸುತ್ತಿದ್ದದ್ದು ನೆನಪಾಯಿತು.

ಆದರೆ ಬರುವುದಿಲ್ಲ ಅಂತ ಬರೆದಿದ್ದೀಯ. "ಅಣ್ಣಾ, ಒಂದು ಸಲ ಹೆಜ್ಜೆ ತಪ್ಪಿಸಿದವನನ್ನು ಮತ್ತೆ ಬೆನ್ನ ಹಿಂದೆ ಯಾಕೆ ನಿಲ್ಲಿಸಿಕೊಳ್ಳುತ್ತೀಯ? ಅವತ್ತು ನನ್ನ ಬೆರಳಷ್ಟೇ ಹೋಯಿತು. ಈ ಸಲ ನೀನು ಬಿದ್ದರೆ ಅತ್ತಿಗೆಗೆ ಹೇಗೆ ಮುಖ ತೋರಿಸಲಿ?" ಈ ಮೂರು ಸಾಲು ನನಗೆ ಬಾಯಿಪಾಠವಾಗಿವೆ. ಪೇಂಟ್ ಅಂಗಡಿಯಲ್ಲಿ ಕೂಡ ಡಬ್ಬ ಎತ್ತುವಾಗ ಇನ್ನೊಬ್ಬರ ಜೊತೆ ಎತ್ತುವುದಿಲ್ಲ, ಒಬ್ಬನೇ ಎತ್ತುತ್ತೇನೆ ಅಂತ ಬರೆದಿದ್ದೀಯ. ಅದನ್ನು ಓದಿದಾಗ ಬೇಜಾರಾಯಿತು. ಅದಕ್ಕೆ ಉತ್ತರ ಆಮೇಲೆ ಹೇಳುತ್ತೇನೆ, ಮೊದಲು ಇಲ್ಲಿಯ ಸುದ್ದಿ ಕೇಳು.

ಆಸ್ಪತ್ರೆಯವರು ಆ ಚೌಕಟ್ಟನ್ನು ನನಗೇ ಕೊಟ್ಟರು. ಮನೆಗೆ ತಂದೆ. ಬೇರೆ ಯಾರೂ ಇಲ್ಲದ್ದಕ್ಕೆ ಹಿಂದಿನ ತುದಿಗೆ ನಿನ್ನ ಅತ್ತಿಗೆ. ನಡುಮನೆಯಿಂದ ಅಡುಗೆಮನೆ, ಅಲ್ಲಿಂದ ಹಿಂಬಾಗಿಲು, ಮತ್ತೆ ವಾಪಸ್ಸು. ಮೊದಲ ದಿನ ಅವಳು ನಗುತ್ತಾ ನಗುತ್ತಾ ಚೌಕಟ್ಟು ಕೈಬಿಟ್ಟಳು. "ಮೂವತ್ನಾಲ್ಕು ವರ್ಷ ನಿಮ್ಮ ಹಿಂದೆ ನಡೆದಿದ್ದು ಸಾಲದಾ, ಈಗ ಮರ ಬೇರೆ ಹಿಡ್ಕೊಂಡು ನಡೀಬೇಕಾ?" ಅಂದಳು. ಮಧ್ಯದಲ್ಲಿ ಒಲೆಯ ಮೇಲಿನ ಹಾಲು ನೆನಪಾದರೆ ಅಲ್ಲೇ ಬಿಟ್ಟು ಓಡುತ್ತಾಳೆ, ನಾನು ಅರ್ಧ ಕಿಟಕಿ ಹಿಡಿದುಕೊಂಡು ನಿಂತಿರಬೇಕು. ಪಕ್ಕದ ಮನೆಯವರು ಇಣುಕಿ "ಏನು, ಮನೆ ಖಾಲಿ ಮಾಡ್ತಿದ್ದೀರಾ?" ಅಂತ ಎರಡು ಸಲ ಕೇಳಿದರು.

ಆದರೂ ಹಟಗಾತಿ, ಕಲಿತಳು. ಒಂದು ವಾರದಲ್ಲಿ ನನ್ನ ಎಡಕ್ಕೆ ಅವಳ ಬಲ, ನನ್ನ ಬಲಕ್ಕೆ ಅವಳ ಎಡ, ನಿನ್ನಷ್ಟಲ್ಲದಿದ್ದರೂ ಪರವಾಗಿಲ್ಲ. ನಾನು ಹಳೆಯ ಹಾಗೆ ಮುಂದಿನಿಂದ ಕೂಗುತ್ತೇನೆ, "ತಿರುವು", "ಇಳಿ", "ಪಟ್ಟಿ". ನಮ್ಮ ಅಡುಗೆಮನೆಯ ಬಾಗಿಲಿಗೂ ಅಂಗಡಿಯ ಬಾಗಿಲಿಗಿರುವ ಹಾಗೆ ನೆಲದಲ್ಲಿ ಕಬ್ಬಿಣದ ಪಟ್ಟಿ ಇದೆ, ನಿನಗೆ ನೆನಪಿರಬೇಕು. ಟೀಚರಮ್ಮ ಹೋದ ವಾರ ಚೌಕಟ್ಟಿಲ್ಲದೆ ಅಳೆದಳು: ಎಡ ನಲವತ್ತಮೂರು, ಬಲ ಮೂವತ್ತಾರು. ಏಳು ಸೆಂಟಿಮೀಟರ್. ಹತ್ತೊಂಬತ್ತರಿಂದ ಏಳಕ್ಕೆ ಇಳಿದಿದ್ದೇನೆ, ನನ್ನ ಬೆನ್ನು ನಾನೇ ತಟ್ಟಿಕೊಂಡೆ, ಅದೂ ಎಡಗೈಯಲ್ಲಿ. ಏಪ್ರಿಲ್‌ಗೆ ನಾನು ಆ ಬಾಗಿಲು ದಾಟುವುದು ಗ್ಯಾರಂಟಿ.

ಒಂದು ಸಣ್ಣ ಘಟನೆ ಮಾತ್ರ ಹೇಳಬೇಕು. ಸೋಮವಾರ ಬೆಳಿಗ್ಗೆ ಹಾಗೇ ನಡೆಯುತ್ತಿದ್ದೆವು. ಅಡುಗೆಮನೆ ಬಾಗಿಲು ಬಂತು. ನಾನು "ಪಟ್ಟಿ" ಅಂತ ಕೂಗಿದೆ. ಕೂಗಿದವನು ನಾನೇ, ಆದರೆ ನನ್ನ ಎಡಪಾದವೇ ಏಳಲಿಲ್ಲ. ತುದಿ ಹೋಗಿ ಪಟ್ಟಿಗೆ ತಗುಲಿತು. ನಾನು ಒಂದು ಕ್ಷಣ ತಡೆದೆ, ಹಿಂದಿನಿಂದ ಚೌಕಟ್ಟು ನನ್ನ ಕೈಗೆ ನೂಕಿತು, ಅವಳು ಮುಗ್ಗರಿಸಿ ಬಾಗಿಲಿಗೆ ಭುಜ ಕೊಟ್ಟು ನಿಂತಳು. ನಾನು ಬಾಯಿ ತೆರೆಯುವ ಮೊದಲೇ ಅವಳು ಅಂದಳು, "ಅಯ್ಯೋ, ತಪ್ಪಾಯ್ತು ರೀ. ನಾನೇ ಹೆಜ್ಜೆ ತಪ್ಪಿಸ್ದೆ. ನಿಮಗೇನೂ ಆಗ್ಲಿಲ್ಲ ತಾನೆ?"

ಅವಳು ಹೆಜ್ಜೆ ತಪ್ಪಿಸಿರಲಿಲ್ಲ. ಆದರೆ ಹಿಂದೆ ಇರುವವರಿಗೆ ಮುಂದಿನವನ ಕಾಲು ಕಾಣುವುದಿಲ್ಲ, ಕೈಗೆ ಬಂದ ಎಳೆತ ಮಾತ್ರ ಗೊತ್ತಾಗುತ್ತದೆ. ಅದು ತಮ್ಮದೇ ತಪ್ಪು ಅನ್ನಿಸುತ್ತದೆ. ನಾನು ಮೊದಲು ನಕ್ಕೆ. ಆಮೇಲೆ ನಗು ಬರಲಿಲ್ಲ. ಚೌಕಟ್ಟು ಗೋಡೆಗೆ ಒರಗಿಸಿ ಕುರ್ಚಿಯಲ್ಲಿ ಕೂತೆ. ಕಾಲು ನೋಯುತ್ತಿದೆಯಾ ಅಂತ ಅವಳು ಎಣ್ಣೆ ಬಿಸಿ ಮಾಡಿ ತಂದಳು.

ನೀನು ಬರುವುದಿಲ್ಲ ಅಂದದ್ದಕ್ಕೆ ನನಗೆ ಕೋಪವಿಲ್ಲ. ಸ್ವಲ್ಪ ದಿನ ಬಿಟ್ಟು ಬರೆಯುತ್ತೇನೆ. ಮಕ್ಕಳಿಗೆಲ್ಲ ಒಳ್ಳೆಯದಾಗಲಿ. ಕೆಲಸಕ್ಕೆ ಸೇರಿದ ಮಗಳಿಗೆ ದೊಡ್ಡಪ್ಪನ ಕಡೆಯಿಂದ ಒಂದು ಕನ್ನಡಿ ಕಳಿಸುತ್ತೇನೆ, ಅಲೆ ಇಲ್ಲದ್ದು.

ನಿನ್ನ,
ಮುಂದಿನವ

ಇದನ್ನೂ ಸೇರಿಸುತ್ತೇನೆ: ಎಣ್ಣೆ ಹಚ್ಚುವಾಗ ಅತ್ತಿಗೆ ಕೇಳಿದಳು, "ಯಾಕೆ ಸುಮ್ಮನಾಗ್ಬಿಟ್ರಿ? ನನ್ನ ತಪ್ಪು ಅಂತ ಸಿಟ್ಟಾ?" ನಾನು ಹೌದು ಅನ್ನಲಿಲ್ಲ. ಇಲ್ಲ ಅಂತಲೂ ಅನ್ನಲಿಲ್ಲ. ಅದು ನನ್ನ ಹಳೆಯ ಚಾಳಿ.

*

ಏಪ್ರಿಲ್ ೩, ಗುರುವಾರ

ಪ್ರೀತಿಯ ತಮ್ಮನಿಗೆ,

ಈ ಸಲ ತಡಮಾಡಿಲ್ಲ, ಅಂಗಡಿಯಿಂದ ಬಂದು ಚಪ್ಪಲಿ ಬಿಟ್ಟು ಕೂತು ಬರೆಯುತ್ತಿದ್ದೇನೆ. ಅತ್ತಿಗೆ ಊಟಕ್ಕೆ ಕರೆದದ್ದು ಎರಡನೇ ಸಲ.

ನಡೆದೆ ಕಣೋ! ಇವತ್ತು ಬೆಳಿಗ್ಗೆ ಹನ್ನೊಂದಕ್ಕೆ ಬೀದಿ ಬಾಗಿಲಿಂದ ಕಟಿಂಗ್ ಟೇಬಲ್‌ವರೆಗೆ ಮೂವತ್ತೊಂದು ಹೆಜ್ಜೆ, ಕೋಲಿಲ್ಲದೆ, ಚೌಕಟ್ಟಿಲ್ಲದೆ ನಡೆದೆ. ಟೀಚರಮ್ಮ ತನ್ನ ರಜೆಯ ದಿನ ಹಾಳುಮಾಡಿಕೊಂಡು ಬಂದಿದ್ದಳು. ಬಸ್ ಡ್ರೈವರು ಕೂಡ ಬಂದ, ನಾನು ಬಿದ್ದರೆ ನೋಡೋಕೆ ಅಂತ ಬಾಯಿಬಿಟ್ಟೇ ಹೇಳಿದ. ಯಜಮಾನರು ಗಾಜು ಹೊರುವ ಎಲ್ಲ ಜೋಡಿಗಳ ಕೆಲಸ ನಿಲ್ಲಿಸಿ, ಶೀಟುಗಳನ್ನು ಗೋಡೆಗೆ ಒರಗಿಸಿ ದಾರಿ ಬಿಡಿಸಿದ್ದರು. ಅತ್ತಿಗೆ ಬಾಗಿಲ ಹೊರಗೇ ನಿಂತಳು, ಒಳಗೆ ಬರಲು ಧೈರ್ಯವಾಗಲಿಲ್ಲ ಅವಳಿಗೆ.

ನಾನು ಬಲಗೈಯನ್ನು ಸೊಂಟದ ಪಕ್ಕ ಅರ್ಧ ಮುಷ್ಟಿ ಮಾಡಿ ಹಿಡಿದೆ, ಚೌಕಟ್ಟು ಇದೆ ಅನ್ನುವ ಹಾಗೆ. ಕೂತಲ್ಲಿಂದ ಯಾರೋ ಕಿಸಕ್ಕನೆ ನಕ್ಕರು. ನಗಲಿ. ಕೈಯಲ್ಲಿ ಚೌಕಟ್ಟಿದೆ ಅಂದುಕೊಂಡರೆ ಕಾಲು ಇವತ್ತಿಗೂ ಮೋಸ ಹೋಗುತ್ತದೆ. ಪಟ್ಟಿ ಬಂತು. ಯಾರೂ ಹಿಂದೆ ಇರಲಿಲ್ಲ, ಆದರೂ ಅಭ್ಯಾಸಬಲದಿಂದ "ಪಟ್ಟಿ!" ಅಂತ ಜೋರಾಗಿ ಕೂಗಿದೆ. ಎಡಪಾದ ಎದ್ದಿತು. ಮೊಣಕಾಲು ಮಡಚಿ, ತುದಿ ಮೇಲೆತ್ತಿ, ಆ ಕಬ್ಬಿಣವನ್ನು ನಾಲ್ಕು ಬೆರಳು ಎತ್ತರದಲ್ಲಿ ದಾಟಿ ಆಚೆ ಊರಿತು. ಅದರ ಮೇಲೆ ಪೂರ್ತಿ ಭಾರ ಬಿಟ್ಟೆ. ಬಲಗಾಲು ಅವಸರ ಮಾಡದೆ ಬಂತು. ಟೇಬಲ್ ಮುಟ್ಟಿದಾಗ ಡ್ರೈವರೇ ಎಲ್ಲರಿಗಿಂತ ಮೊದಲು ಚಪ್ಪಾಳೆ ಹೊಡೆದದ್ದು. ಟೀಚರಮ್ಮ ಕಣ್ಣೊರೆಸಿಕೊಂಡು, "ಇನ್ನೂ ಮೂರು ಸೆಂಟಿಮೀಟರ್ ಕಡಿಮೆ ಮಾಡ್ಬೇಕು, ಭಾನುವಾರ ತಪ್ಪಿಸ್ಬೇಡಿ" ಅಂದಳು. ಯಜಮಾನರು ಕಟರ್ ತಂದು ನನ್ನ ಕೈಗೆ ಕೊಟ್ಟರು. ನಾನದನ್ನು ಟೇಬಲ್ ಮೇಲೆ ಇಟ್ಟೆ, ಇನ್ನೂ ಹೂಂ ಅಂದಿಲ್ಲ. ಯಾಕೆ ಅನ್ನುವುದು ಕೆಳಗೆ ಬರೆದಿದ್ದೇನೆ.

ನನ್ನ ಬಗ್ಗೆ ಯೋಚನೆ ಬೇಡ. ಮೂರು ತಿಂಗಳಲ್ಲಿ ನಾನು ನಡೆದು ಬರುವುದನ್ನು ನೋಡಿದವರು ಲಕ್ವ ಹೊಡೆದದ್ದು ಇವನಿಗಾ ಅಂತ ಕೇಳಬೇಕು, ಹಾಗೆ ಮಾಡುತ್ತೇನೆ. ನೀನು, ತಂಗಿ, ಮಕ್ಕಳು ನೂರು ಕಾಲ ಬಾಳಿ. ನೀನು ಎಲ್ಲಿದ್ದರೂ ನಿನ್ನ ತಲೆಯ ಮೇಲೆ ನನ್ನ ಕೈ ಇದೆ, ಎಡಗೈ ಕೂಡ.

ನಿನ್ನ ಅಣ್ಣ

ಕೊನೆಯದಾಗಿ: ಇದನ್ನು ನಿಂತುಕೊಂಡು ಓದಬೇಡ, ಕೂತುಕೋ.

ಆ ದಿನ ನೀನು ಹೆಜ್ಜೆ ತಪ್ಪಿಸಲಿಲ್ಲ.

ಬೆಳಿಗ್ಗೆ ಟೀ ಕುಡಿಯುವಾಗಲೇ ನನ್ನ ಎಡಗಾಲಿಗೆ ಜೋಮು ಹಿಡಿದಿತ್ತು. ಕೂತು ಏಳುವಾಗ ಸ್ವಲ್ಪ ತಡವರಿಸಿದೆ, ನೀನು "ಏನಣ್ಣಾ?" ಅಂದೆ, ನಾನು "ಏನಿಲ್ಲ, ಶೂ ಬಿಗಿ" ಅಂದೆ. ದೊಡ್ಡ ಶೀಟು ಎತ್ತಿದೆವು. ಬಾಗಿಲಲ್ಲಿ ನಾನು "ಪಟ್ಟಿ" ಅಂತ ಕೂಗಿದೆ, ನೀನು ನಿನ್ನ ಸರದಿಗೆ ಸರಿಯಾಗಿಯೇ ಕಾಲೆತ್ತಿದೆ. ಏಳದೆ ಹೋದದ್ದು ನನ್ನ ಕಾಲು. ತುದಿ ಪಟ್ಟಿಗೆ ತಗುಲಿದ್ದು ನನಗೆ ಅದೇ ಕ್ಷಣಕ್ಕೆ ಗೊತ್ತಾಯಿತು. ಆ ಎಳೆತ ನಿನ್ನ ಕೈಗೆ ಬಂತು, ಗಾಜು ಜಾರಿತು, ಅದು ನನ್ನ ಬೆನ್ನಿಗೆ ಬೀಳದ ಹಾಗೆ ತಡೆಯಲು ಹೋಗಿ ನಿನ್ನ ಎರಡು ಬೆರಳಿನ ನರ ಕತ್ತರಿಸಿ ಹೋಯಿತು. ಮಧ್ಯಾಹ್ನದ ಹೊತ್ತಿಗೆ ನನ್ನ ಜೋಮು ಬಿಟ್ಟಿತು. ಲಕ್ವ ಹೊಡೆಯುವ ಮುನ್ನ ಹೀಗೆ ಒಮ್ಮೆ ಬಂದು ಬಾಗಿಲು ತಟ್ಟಿ ಹೋಗುತ್ತದಂತೆ. ನನಗೆ ಲಕ್ವ ಹೊಡೆದು ಮಾತು ಬಂದ ಮೇಲೆ ಡಾಕ್ಟರು ನನ್ನನ್ನು ಕೇಳಿದರು, "ಮೊದಲು ಯಾವಾಗಲಾದ್ರೂ ಹೀಗೆ ಕಾಲು ಸೋತು ತಾನೇ ಸರಿಹೋಗಿತ್ತಾ?" ಅತ್ತಿಗೆ ಪಕ್ಕದಲ್ಲಿದ್ದಳು. ಇಲ್ಲ ಅಂದೆ.

ಯಜಮಾನರು ಅವತ್ತು "ಯಾರ ಕಾಲು ತಪ್ಪಿದ್ದು?" ಅಂತ ಕೇಳಿದಾಗ ನಾನು ಹೇಳಿದ್ದು ಇಷ್ಟೇ: "ನಾನು ಮುಂದಿದ್ದೆ, ಹಿಂದೆ ಏನಾಯ್ತು ಅಂತ ಕಾಣಲಿಲ್ಲ." ಒಂದಕ್ಷರವೂ ಸುಳ್ಳಲ್ಲ ನೋಡು. ಹೆಜ್ಜೆ ತಪ್ಪಿಸುವವನ ಜೊತೆ ಯಾರೂ ಗಾಜು ಹಿಡಿಯುವುದಿಲ್ಲ ಅಂತ ನನಗೆ ಗೊತ್ತಿತ್ತು, ಅದಕ್ಕೇ ಹಾಗೆ ಹೇಳಿದೆ. ಆಮೇಲೆ ನಿನಗೆ ಜೊತೆ ಸಿಗಲಿಲ್ಲ. ಕಟರ್ ಹಿಡಿಯಲು ಬೇಕಾದದ್ದು ಮೊದಲ ಮೂರು ಬೆರಳು, ನಿನ್ನವು ಚೆನ್ನಾಗಿದ್ದವು. ನಾನು ಒಂದು ಮಾತು ಆಡಿದ್ದರೆ ನಿನ್ನನ್ನು ಟೇಬಲ್‌ಗೆ ಹಾಕುತ್ತಿದ್ದರು. ಅದೂ ನನಗೆ ಗೊತ್ತಿತ್ತು.

ಇಷ್ಟಾದರೂ ನಾನು ನಿದ್ದೆ ಮಾಡಿದೆ, ಉಂಡೆ, ನಕ್ಕೆ. ನನ್ನ ಎದೆಯಲ್ಲಿ ಚುಚ್ಚಿಕೊಂಡು ಕೂತಿರುವುದು ಬೇರೆ. ನೀನು ಬ್ಯಾಂಡೇಜು ಕಟ್ಟಿದ ಕೈ ಎದೆಗೆ ಒತ್ತಿಕೊಂಡು ನಮ್ಮ ಮನೆಗೆ ಬಂದೆ. ಕೂರಲೂ ಇಲ್ಲ. "ಅಣ್ಣಾ, ನನ್ನಿಂದ ನಿನಗೆ ಕೆಟ್ಟ ಹೆಸರು ಬಂತು, ಕ್ಷಮಿಸಿಬಿಡು" ಅಂದೆ. ನಾನು ನಿನ್ನ ಭುಜ ತಟ್ಟಿ, ದೊಡ್ಡ ಮನಸ್ಸಿನವನ ಹಾಗೆ, "ಹೋಗ್ಲಿ ಬಿಡು" ಅಂದೆ. ನಿನ್ನನ್ನು ನಾನು ಕ್ಷಮಿಸಿದೆ ಕಣೋ. ಕ್ಷಮಿಸಿದೆ!

ಇವತ್ತು ಯಜಮಾನರು ಕಟರ್ ಕೊಟ್ಟಾಗ ಎಲ್ಲ ಜೋಡಿಗಳ ಮುಂದೆ ಇದನ್ನು ಹೇಳಿದೆ. ಆ ಪಟ್ಟಿಯನ್ನು ಬೆರಳು ಮಾಡಿ ತೋರಿಸಿ ಹೇಳಿದೆ. ಯಜಮಾನರು ಕಟರನ್ನು ಎತ್ತಿಟ್ಟುಕೊಂಡು, "ತಿಂಗಳ ಕೊನೆತನಕ ಟೇಬಲ್‌ಗೆ ಯಾರನ್ನೂ ಹಾಕಲ್ಲ. ಅವನಿಗೆ ಬರಿ" ಅಂದರು. ಹೊರಗೆ ನಿಂತಿದ್ದ ಅತ್ತಿಗೆಗೂ ಕೇಳಿಸಿತು. ದಾರಿಯುದ್ದಕ್ಕೂ ಅವಳು ನನ್ನ ಹಿಂದೆ ನಡೆಯಲಿಲ್ಲ, ಪಕ್ಕದಲ್ಲೂ ನಡೆಯಲಿಲ್ಲ, ಮುಂದೆ ಹೋಗಿಬಿಟ್ಟಳು. ಊಟಕ್ಕೆ ಕರೆದಳಲ್ಲ, ಅಷ್ಟೇ ಮಾತು.

ನೀನು ಬಾ ಅಂತ ಕೇಳುವ ಮುಖ ನನಗಿಲ್ಲ. ಬಾರದಿದ್ದರೆ ಅದೂ ನ್ಯಾಯ. ಬಂದರೆ ಮಾತ್ರ ಒಂದು ಮಾತು: ಚೌಕಟ್ಟು ನಡುಮನೆಯ ಗೋಡೆಗೆ ಒರಗಿದೆ, ಅದರ ಮುಂದಿನ ಅಂಚು ನೀನು ಹಿಡಿ. ದಾರಿ ನೀನು ನೋಡು, ಪಟ್ಟಿ ಬಂದಾಗ ನೀನು ಕೂಗು. ನಾನು ಹಿಂದೆ ನಿನ್ನ ಕುತ್ತಿಗೆ ನೋಡಿಕೊಂಡು ನಡೆಯುತ್ತೇನೆ.